ಗಡಿಯಾರಕ್ಕೂ ಒಂದು ಪಂಚಾಂಗ

ನಮ್ಮ ನಡುಮನೆಯಲ್ಲಿ ಪಂಚಾಂಗ ತೂಗುಹಾಕಿರುವ ಮೊಳೆಗೇ ಇನ್ನೊಂದು ಚೀಟಿಯೂ ನೇತಾಡುತ್ತಿದೆ. ಯಾವುದೋ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಅಜ್ಜಿ ಬರೆದಿಟ್ಟದ್ದು. ಎರಡೇ ಸಾಲು: "ಬೇಸಿಗೆ 7 ಗಂಟೆ. ಚಳಿಗಾಲ 8 ಗಂಟೆ."

ಮಾತ್ರೆ ನುಂಗುವ ಹೊತ್ತೇನೋ ಎಂದು ಮನೆಗೆ ಬಂದವರು ಕೇಳುವುದುಂಟು. ಅಲ್ಲ. ನಮ್ಮ ಕಿರಿಯ ಮಗ ಆರು ವರ್ಷ ಲಂಡನ್ನಿನಲ್ಲಿದ್ದ. ಪ್ರತಿ ಭಾನುವಾರ ಅಲ್ಲಿನ ಮಧ್ಯಾಹ್ನ ಎರಡೂವರೆಗೆ ತಪ್ಪದೆ ಫೋನ್ ಮಾಡುತ್ತಿದ್ದ. ಅವನ ಎರಡೂವರೆ ಎಂದೂ ಬದಲಾಗಲಿಲ್ಲ. ಆದರೆ ಚಳಿಗಾಲದಲ್ಲಿ ನಮ್ಮ ಮನೆಯ ಫೋನ್ ರಾತ್ರಿ ಎಂಟಕ್ಕೆ ರಿಂಗಾದರೆ, ಬೇಸಿಗೆಯಲ್ಲಿ ಏಳಕ್ಕೇ ರಿಂಗಾಗುತ್ತಿತ್ತು. ಅದಕ್ಕೇ ಆ ಚೀಟಿ.

ಮಕ್ಕಳೇ, ನಿಮ್ಮಲ್ಲಿ ಯಾರಿಗಾದರೂ ಅತ್ತೆಯೋ ಮಾವನೋ ಪರದೇಶದಲ್ಲಿದ್ದರೆ ಈ ಚೀಟಿಯ ಗುಟ್ಟು ನಿಮಗೆ ಗೊತ್ತೇ ಇರುತ್ತದೆ. ಯುರೋಪಿನ ಬಹುಪಾಲು ದೇಶಗಳಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಅಕ್ಟೋಬರಿನ ಕೊನೆಯ ಭಾನುವಾರ ಮತ್ತೆ ಹಿಂದಕ್ಕೆ. ಇದಕ್ಕೆ 'ಬೇಸಿಗೆ ಸಮಯ' ಎನ್ನುತ್ತಾರೆ. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆ, ಡಿಸೆಂಬರಿನ ಹಗಲು ಎಂಟು ಗಂಟೆಗೂ ಕಡಿಮೆ. ಬೇಸಿಗೆಯಲ್ಲಿ ಜನ ಇನ್ನೂ ಹೊದ್ದು ಮಲಗಿರುವಾಗಲೇ ಸೂರ್ಯ ಎದ್ದುಬಿಡುತ್ತಾನೆ. ಆ ಬೆಳಕು ದಂಡವಾಗದೆ ಸಂಜೆಗೆ ಸಿಗಲಿ ಎಂದು ಮಾಡಿಕೊಂಡ ಉಪಾಯ ಇದು. ಇಡೀ ದೇಶಕ್ಕೆ ಇದನ್ನು ಮೊದಲು ಜಾರಿಗೆ ತಂದದ್ದು 1916ರಲ್ಲಿ ಜರ್ಮನಿ, ಮೊದಲ ಮಹಾಯುದ್ಧದ ನಡುವೆ, ಕಲ್ಲಿದ್ದಲು ಉಳಿಸಲು. ಬೆಂಗಳೂರಿನಲ್ಲಿ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ. ನಮಗೆ ಈ ಉಸಾಬರಿ ಬೇಕಿಲ್ಲ.

ಕಥೆ ಇರುವುದು ಮುಂದೆ. 2024ರ ಕೊನೆಯಲ್ಲಿ ಮಗನನ್ನು ಕಂಪನಿಯವರು ಮೊರಾಕ್ಕೊ ದೇಶದ ಕಾಸಾಬ್ಲಾಂಕಾ ನಗರಕ್ಕೆ ಕಳಿಸಿದರು. ಆಫ್ರಿಕಾದ ವಾಯವ್ಯ ಮೂಲೆ, ಅಟ್ಲಾಂಟಿಕ್ ಸಾಗರದ ದಂಡೆ. "ಅಮ್ಮಾ, ಇಲ್ಲಿ ಬೇಸಿಗೆ, ಚಳಿಗಾಲ ಅಂತ ಎರಡು ಗಂಟೆ ಇಲ್ಲ. ವರ್ಷಪೂರ್ತಿ ಒಂದೇ. ನಾನು ಮೂರೂವರೆಗೆ ಮಾಡಿದರೆ ನಿಮಗೆ ಸರಿಯಾಗಿ ಎಂಟು" ಎಂದ. ಅಜ್ಜಿಗೆ ಖುಷಿ. ಹಳೇ ಸಾಲುಗಳಿಗೆ ಗೀಟು ಹಾಕಿ ಕೆಳಗೆ ಬರೆದಳು: "ಎಂಟು. ಯಾವಾಗಲೂ."

ತಕರಾರು ತೆಗೆದವಳು ಐದನೇ ಕ್ಲಾಸಿನ ಮೊಮ್ಮಗಳು. ಜನವರಿಯಲ್ಲೊಂದು ದಿನ ಅವಳು ನನ್ನ ಫೋನಿನಲ್ಲಿ ಕಾಸಾಬ್ಲಾಂಕಾದ ಗಡಿಯಾರ ತೆಗೆದಳು. ಮನೆಯಲ್ಲೊಂದು ಹಳೇ ಟ್ಯಾಬ್ಲೆಟ್ ಇದೆ, 2017ರ ನಂತರ ಅದಕ್ಕೆ ಅಪ್‌ಡೇಟ್ ಬಂದದ್ದೇ ಇಲ್ಲ. ಅದರಲ್ಲೂ ಅದೇ ಊರು ತೆಗೆದಳು. ಎರಡಕ್ಕೂ ಒಂದು ಗಂಟೆ ವ್ಯತ್ಯಾಸ! "ಅಜ್ಜಾ, ಎರಡೂ ಕಂಪ್ಯೂಟರೇ. ಒಂದೇ ಊರು. ಇದರಲ್ಲಿ ಯಾವುದು ಸುಳ್ಳು?" ಎಂದಳು. ನಾನು "ಹಳೇದು ಕೆಟ್ಟಿದೆ ಬಿಡು ಪುಟ್ಟೀ" ಎಂದು ಪೇಪರ್ ಓದಲು ಕೂತೆ. ಅದು ನನ್ನ ತಪ್ಪು. ಕೆಟ್ಟ ಗಡಿಯಾರ ಸರಿಯಾಗಿ ಒಂದೇ ಗಂಟೆ ಹಿಂದೆ ಓಡುವುದಿಲ್ಲ.

2025ರ ಫೆಬ್ರವರಿ 23, ಭಾನುವಾರ. ಎಂಟು ಗಂಟೆಯಾಯಿತು, ಫೋನ್ ಇಲ್ಲ. ಎಂಟೂಕಾಲು, ಎಂಟೂವರೆ. ಅಜ್ಜಿ ಊಟಕ್ಕೆ ಏಳಲೊಲ್ಲಳು. ಪರದೇಶದಲ್ಲಿ ಮಕ್ಕಳಿರುವ ಮನೆಯಲ್ಲಿ ಅರ್ಧ ಗಂಟೆ ತಡವಾದರೂ ಏನೇನು ಯೋಚನೆ ಬರುತ್ತದೆ ಎಂಬುದು ನಿಮ್ಮ ಅಜ್ಜಿ ತಾತಂದಿರಿಗೆ ಗೊತ್ತು. ನಾವು ಮಾಡಿದರೆ ಅವನು ಎತ್ತುತ್ತಿಲ್ಲ. ಅಷ್ಟರಲ್ಲಿ ಮೊಮ್ಮಗಳು ಎರಡೂ ಯಂತ್ರಗಳನ್ನು ಹಿಡಿದು ಓಡಿಬಂದಳು. "ಅಜ್ಜೀ, ಇವತ್ತು ಎರಡೂ ಒಂದೇ ಹೇಳ್ತಿವೆ! ಚಿಕ್ಕಪ್ಪನ ಊರಲ್ಲಿ ಈಗಿನ್ನೂ ಮೂರು ಗಂಟೆ!"

ಒಂಬತ್ತಕ್ಕೆ ಸರಿಯಾಗಿ ಫೋನ್ ಬಂತು. ಸ್ನೇಹಿತರ ಜತೆ ಊಟಕ್ಕೆ ಹೋಗಿದ್ದವನು ಫೋನನ್ನು ಕೋಟಿನ ಜೇಬಲ್ಲೇ ಮರೆತಿದ್ದ. "ತಡ ಎಲ್ಲಮ್ಮಾ, ಇಲ್ಲಿ ಮೂರೂವರೆಯೇ. ರಾತ್ರಿ ಎಲ್ಲರ ಗಡಿಯಾರವನ್ನೂ ಒಂದು ಗಂಟೆ ಹಿಂದಕ್ಕೆ ಹಾಕಿದ್ದಾರೆ. ರಂಜಾನ್ ಬಂತಲ್ಲ" ಎಂದ. ಅವನಿಗೂ ಅದು ಹೊಸ ಸಂಗತಿ.

ರಂಜಾನಿಗೂ ಗಡಿಯಾರಕ್ಕೂ ಏನು ಸಂಬಂಧ? ರೋಜಾ ಹಿಡಿದವರು ಸೂರ್ಯ ಮುಳುಗಿದ ಮೇಲೆ ಉಪವಾಸ ಬಿಡುತ್ತಾರೆ. ಅದು ಸೂರ್ಯನ ಲೆಕ್ಕ. ಕಚೇರಿ, ಶಾಲೆ, ಅಂಗಡಿಯೆಲ್ಲ ಗಡಿಯಾರದ ಲೆಕ್ಕ. ಮಾರ್ಚ್ ಮೊದಲ ವಾರ ಕಾಸಾಬ್ಲಾಂಕಾದಲ್ಲಿ ಅವರ ಎಂದಿನ ಗಡಿಯಾರದ ಪ್ರಕಾರ ಸೂರ್ಯಾಸ್ತ ಸುಮಾರು ಏಳೂವರೆಗೆ. ಮುಳ್ಳನ್ನು ಒಂದು ಗಂಟೆ ಹಿಂದಿಟ್ಟರೆ ಅದೇ ಸೂರ್ಯಾಸ್ತ ಆರೂವರೆಗೆ. ಉಪವಾಸದ ಅವಧಿ ಒಂದು ನಿಮಿಷವೂ ಕಡಿಮೆಯಾಗುವುದಿಲ್ಲ. ಆದರೆ ರಾತ್ರಿಯ ಊಟ, ನಂಟರು, ಪ್ರಾರ್ಥನೆ ಎಲ್ಲ ಮುಗಿಸಿ ಮಲಗುವಾಗ ಗಡಿಯಾರ ತೀರಾ ತಡ ತೋರಿಸುವುದಿಲ್ಲ. ಹೀಗೆ ರಂಜಾನಿನ ಹಿಂದುಮುಂದಿನ ಕೆಲವು ವಾರ ಮಾತ್ರ ಮೊರಾಕ್ಕೊದ ಗಡಿಯಾರ ಹಿಂದೆ ಸರಿದು ಮತ್ತೆ ಮುಂದೆ ಬರುತ್ತದೆ. ಆ ವರ್ಷ ಅದು ಮತ್ತೆ ಮುಂದೆ ಬಂದದ್ದು ಏಪ್ರಿಲ್ 6ಕ್ಕೆ.

ಅದಿರಲಿ, ನನ್ನ ಫೋನಿಗೆ ಇದೆಲ್ಲ ಯಾರು ಹೇಳಿದರು? ಮೊಮ್ಮಗಳ ಮುಂದಿನ ಪ್ರಶ್ನೆ ಇದೇ. ಈ ಸಲ ಪೇಪರ್ ಮಡಚಿಟ್ಟೆ.

ಫೋನ್ ಆಕಾಶ ನೋಡಿ ಗಂಟೆ ಹೇಳುವುದಿಲ್ಲ ಮಕ್ಕಳೇ. ಅದರೊಳಗೂ ಅಜ್ಜಿಯದರಂಥ ಒಂದು ಚೀಟಿ ಇದೆ, ತುಂಬ ಉದ್ದನೆಯ ಚೀಟಿ. ಜಗತ್ತಿನ ಯಾವ ಊರು ಯಾವ ದಿನ ಗಡಿಯಾರವನ್ನು ಎಷ್ಟು ಮುಂದೆ ಅಥವಾ ಹಿಂದೆ ಇಟ್ಟಿತು, ಇನ್ನು ಯಾವಾಗ ಇಡಲಿದೆ ಎಂಬುದೆಲ್ಲ ಅದರಲ್ಲಿದೆ. ಟೈಮ್ ಝೋನ್ ಡೇಟಾಬೇಸ್ ಎಂದು ಅದರ ಹೆಸರು. ನಾನು ಅದನ್ನು ಗಡಿಯಾರಗಳ ಪಂಚಾಂಗ ಎನ್ನುತ್ತೇನೆ. 1980ರ ದಶಕದಲ್ಲಿ ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಎಂಬವರು ಇದನ್ನು ಶುರು ಮಾಡಿದರು. ಈಗ ಪಾಲ್ ಎಗರ್ಟ್ ಎಂಬವರು ನೋಡಿಕೊಳ್ಳುತ್ತಾರೆ. ಬೇರೆ ಬೇರೆ ದೇಶದ ಸ್ವಯಂಸೇವಕರು "ನಮ್ಮಲ್ಲಿ ಹೀಗೆ ಆದೇಶ ಬಂದಿದೆ" ಎಂದು ಈಮೇಲ್ ಬರೆಯುತ್ತಾರೆ, ಪರಿಶೀಲಿಸಿ ಸೇರಿಸುತ್ತಾರೆ. ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದು. ಫೋನ್, ಕಂಪ್ಯೂಟರ್ ಮಾಡುವವರು ಇದನ್ನೇ ತಮ್ಮ ಯಂತ್ರದೊಳಗೆ ಇಡುತ್ತಾರೆ. ನಮ್ಮ ಇಡೀ ಭಾರತಕ್ಕೆ ಅದರಲ್ಲಿ 'ಏಷ್ಯಾ/ಕೋಲ್ಕತಾ' ಎಂಬ ಒಂದೇ ಹೆಸರು. 1970ರಿಂದೀಚೆಗೆ ಒಂದೇ ಗಂಟೆ ಇಟ್ಟುಕೊಂಡ ಜಾಗಗಳಿಗೆ ಒಂದು ಊರಿನ ಹೆಸರು ಸಾಕು ಎಂಬುದು ಅವರ ಪದ್ಧತಿ. ಬೆಂಗಳೂರಿನವರು ಬೇಸರಿಸಬಾರದು, ದೆಹಲಿಯೂ ಅದರಲ್ಲಿಲ್ಲ.

ನಮ್ಮ ಪಂಚಾಂಗ ವರ್ಷಕ್ಕೊಮ್ಮೆ ಯುಗಾದಿಗೆ ಬರುತ್ತದೆ. ಇದು ವರ್ಷಕ್ಕೆ ಹಲವು ಸಲ ಬರುತ್ತದೆ. ಇಸವಿಯ ಮುಂದೆ ಒಂದು ಅಕ್ಷರ ಹಚ್ಚಿ 2023ಎ, 2023ಬಿ ಎಂದು ಹೆಸರಿಡುತ್ತಾರೆ. ದೇಶಗಳು ಮನಸ್ಸು ಬದಲಾಯಿಸಿದ ಹಾಗೆಲ್ಲ ಹೊಸ ಪ್ರತಿ ಬೇಕಲ್ಲ!

ಲಂಡನ್ನಿನ ಲೆಕ್ಕ ಬರೆಯುವುದು ಈ ಪಂಚಾಂಗಕ್ಕೆ ಸಲೀಸು. 'ಮಾರ್ಚ್ ಕೊನೆಯ ಭಾನುವಾರ ಒಂದು ಗಂಟೆ ಮುಂದೆ, ಅಕ್ಟೋಬರ್ ಕೊನೆಯ ಭಾನುವಾರ ವಾಪಸು' ಎಂದು ಎರಡು ಸಾಲು ಬರೆದರೆ ನಿಯಮ ಬದಲಾಗುವವರೆಗೂ ನಡೆಯುತ್ತದೆ. ಮೊರಾಕ್ಕೊದ್ದು ಹಾಗಲ್ಲ. ರಂಜಾನ್ ಬರುವುದು ಚಂದ್ರನ ಲೆಕ್ಕದಲ್ಲಿ. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ, ಅಂದರೆ ನಮ್ಮ ಕ್ಯಾಲೆಂಡರಿಗಿಂತ ಹನ್ನೊಂದು ದಿನ ಕಡಿಮೆ. ಯುಗಾದಿಯೂ ಚಾಂದ್ರಮಾನದ್ದೇ ಅಲ್ಲವೇ, ಅದೇಕೆ ಮಾರ್ಚ್-ಏಪ್ರಿಲ್ ಬಿಟ್ಟು ಓಡುವುದಿಲ್ಲ? ನಿಮ್ಮ ಅಜ್ಜಿಯನ್ನು ಕೇಳಿ, "ಅಧಿಕ ಮಾಸ" ಎನ್ನುತ್ತಾರೆ. ಮೂರು ವರ್ಷಕ್ಕೊಮ್ಮೆ ಎನ್ನುವಂತೆ ಒಂದು ತಿಂಗಳು ಹೆಚ್ಚಿಗೆ ಸೇರಿಸಿ ನಾವು ಋತುಗಳ ಜತೆ ಹೊಂದಿಸಿಕೊಳ್ಳುತ್ತೇವೆ. ಇಸ್ಲಾಮಿ ಕ್ಯಾಲೆಂಡರಿನಲ್ಲಿ ಅಧಿಕ ಮಾಸ ಇಲ್ಲ. ಹಾಗಾಗಿ ರಂಜಾನ್ ವರ್ಷ ವರ್ಷ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. 2030ನೇ ಇಸವಿಯಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲಿ ಮತ್ತೊಮ್ಮೆ, ಒಂದೇ ವರ್ಷದಲ್ಲಿ ಎರಡು ರಂಜಾನ್ ಶುರುವಾಗಬೇಕು.

ಇದನ್ನು ಒಂದು ಸಾಲಿನ ನಿಯಮದಲ್ಲಿ ಹೇಗೆ ಬರೆಯುತ್ತೀರಿ? ಆಗುವುದಿಲ್ಲ. ಪಂಚಾಂಗದವರು ಒಂದು ಚಿಕ್ಕ ಪ್ರೋಗ್ರಾಂ ಬರೆದು ಮುಂದಿನ ರಂಜಾನ್‌ಗಳನ್ನೆಲ್ಲ ಲೆಕ್ಕಹಾಕಿ, ಒಂದೊಂದು ವರ್ಷಕ್ಕೂ ಬೇರೆ ಬೇರೆ ಸಾಲು ಬರೆದಿದ್ದಾರೆ. 2087ನೇ ಇಸವಿಯವರೆಗೆ! ಇದನ್ನು ಓದುತ್ತಿರುವ ಐದನೇ ಕ್ಲಾಸಿನ ಮಕ್ಕಳು ಆಗ ಮೊಮ್ಮಕ್ಕಳಿಗೆ ಕಥೆ ಹೇಳುತ್ತಿರುತ್ತೀರಿ.

ಇಷ್ಟು ಮಾಡಿದರೂ ಅದು ಅಂದಾಜೇ. ಗಡಿಯಾರ ಸರಿಸುವುದು ಭಾನುವಾರ. ಯಾವ ಭಾನುವಾರ ಎಂದು ಹೇಳುವುದು ಅಲ್ಲಿನ ಸರ್ಕಾರ. 2023ರಲ್ಲಿ ಏಪ್ರಿಲ್ 30ಕ್ಕೆ ಗಡಿಯಾರ ಮುಂದೆ ಹೋಗುತ್ತದೆಂದು ಪಂಚಾಂಗದಲ್ಲಿ ಬರೆದಿತ್ತು. ಸರ್ಕಾರ ಹಬ್ಬದ ಬೆನ್ನಿಗೇ ಬಂದ 23ನೇ ತಾರೀಖಿನ ಭಾನುವಾರವನ್ನು ಆರಿಸಿಕೊಂಡಿತು. ಪಂಚಾಂಗ ತಿದ್ದಿ ಹೊಸ ಪ್ರತಿ ಬಂತು.

ಅದಾದರೂ ಪರವಾಗಿಲ್ಲ, ಮೊದಲೇ ಗೊತ್ತಾಗಿತ್ತು. 2018ರಲ್ಲಿ ಆದದ್ದು ಕೇಳಿ. ಆಗೆಲ್ಲ ಮೊರಾಕ್ಕೊದಲ್ಲೂ ಯುರೋಪಿನ ಹಾಗೆ ಬೇಸಿಗೆ ಸಮಯ ಇತ್ತು. ನಡುವೆ ರಂಜಾನ್ ಬಂದರೆ ಅದಕ್ಕೆ ಬಿಡುವು. ಅಂದರೆ ಒಂದೇ ವರ್ಷದಲ್ಲಿ ಮುಂದೆ, ಹಿಂದೆ, ಮುಂದೆ, ಹಿಂದೆ, ನಾಲ್ಕು ಸಲ! ಆ ವರ್ಷ ಅಕ್ಟೋಬರ್ 28ರ ಭಾನುವಾರ ಗಡಿಯಾರ ಹಿಂದೆ ಬರಬೇಕಿತ್ತು. 26ರ ಶುಕ್ರವಾರ ಸರ್ಕಾರ ತೀರ್ಮಾನಿಸಿತು: ಇನ್ನು ಮೇಲೆ ಹಿಂದೆ ಇಡುವುದಿಲ್ಲ, ಬೇಸಿಗೆ ಸಮಯವೇ ವರ್ಷಪೂರ್ತಿ ಇರಲಿ. ನಡುವೆ ಸಿಕ್ಕಿದ್ದು ಎರಡೇ ದಿನ. ಪಂಚಾಂಗದವರು ಅದೇ ಶುಕ್ರವಾರ ಹೊಸ ಪ್ರತಿ ಹೊರಡಿಸಿದರು, ಅವರ ಕೈಲಾದದ್ದು ಅಷ್ಟೇ. ಆ ಪ್ರತಿ ಕೋಟಿಗಟ್ಟಲೆ ಯಂತ್ರಗಳೊಳಗೆ ಭಾನುವಾರದ ಹೊತ್ತಿಗೆ ತಲುಪುವುದುಂಟೇ? ತಲುಪದ ಯಂತ್ರಗಳು ಹಳೇ ಲೆಕ್ಕದಂತೆ ಒಂದು ಗಂಟೆ ಹಿಂದೆ ಬಂದುಬಿಡುತ್ತವೆ.

ಈಗ ನಮ್ಮ ಟ್ಯಾಬ್ಲೆಟ್ಟಿನ ಗುಟ್ಟು ಹೊಳೆಯಿತೇ? ಮೊಮ್ಮಗಳಿಗೆ ನಾನು ಹೇಳುವ ಮೊದಲೇ ಹೊಳೆಯಿತು. "ಅದರ ಪಂಚಾಂಗ 2017ರದ್ದು ಅಜ್ಜಾ! ಅದಕ್ಕೆ ಮೊರಾಕ್ಕೊ ಮನಸ್ಸು ಬದಲಾಯಿಸಿದ್ದೇ ಗೊತ್ತಿಲ್ಲ. ಅದಕ್ಕೇ ಜನವರಿಯಲ್ಲಿ ಚಳಿಗಾಲದ ಗಂಟೆ ತೋರಿಸ್ತಿತ್ತು." ಫೆಬ್ರವರಿ 23ರಂದು ಊರಿನ ಗಡಿಯಾರವೇ ಹಿಂದೆ ಸರಿದದ್ದರಿಂದ ಹಳೇ ಟ್ಯಾಬ್ಲೆಟ್ ಕೂತಲ್ಲೇ ಸರಿಯಾಯಿತು. ಅದು ಸುಳ್ಳು ಹೇಳಿರಲಿಲ್ಲ, ಹಳೇ ಸುದ್ದಿ ಹೇಳುತ್ತಿತ್ತು.

ಮೊರಾಕ್ಕೊದಿಂದ ಇನ್ನೊಂದು ತೊಡಕೂ ಬಂತು. ಸಾಫ್ಟ್‌ವೇರ್ ಬರೆದವರಲ್ಲಿ ಹಲವರು 'ಗಡಿಯಾರ ಬದಲಿಸುವುದು ಅಂದರೆ ಮಾಮೂಲಿ ಸಮಯಕ್ಕೆ ಒಂದು ಗಂಟೆ ಕೂಡುವುದು' ಎಂದೇ ತಿಳಿದಿದ್ದರು. ಮೊರಾಕ್ಕೊದ ಮಾಮೂಲಿ ಸಮಯ ಈಗ ಮುಂದಿನದು. ರಂಜಾನಿನಲ್ಲಿ ಕಳೆಯಬೇಕು. ಕೂಡುವ ಲೆಕ್ಕ ಮಾತ್ರ ಕಲಿಸಿದ ಯಂತ್ರಕ್ಕೆ ಕಳೆಯುವ ಲೆಕ್ಕ ಕೊಟ್ಟರೆ ಏನಾಗುತ್ತದೆ? ಅದೇ 2018ರಲ್ಲಿ ಐರ್ಲೆಂಡ್ ವಿಷಯದಲ್ಲಿ ಅದನ್ನು ನೋಡಿಯಾಗಿತ್ತು. ಐರ್ಲೆಂಡಿನ ಕಾನೂನಿನಲ್ಲಿ ಬೇಸಿಗೆಯದ್ದೇ ಮಾಮೂಲಿ ಸಮಯ, ಚಳಿಗಾಲದಲ್ಲಿ ಒಂದು ಗಂಟೆ ಕಳೆಯಬೇಕು. ಪಂಚಾಂಗದವರು ಕಾನೂನಿನಲ್ಲಿ ಇದ್ದಂತೆಯೇ ಬರೆದರು, ಕೆಲವು ಸಾಫ್ಟ್‌ವೇರ್ ಮುಗ್ಗರಿಸಿದವು. ಕೊನೆಗೆ ಅಂಥವುಗಳಿಗಾಗಿ ಕಳೆಯುವ ಲೆಕ್ಕವೇ ಇಲ್ಲದ ಇನ್ನೊಂದು ರೂಪವನ್ನೂ ಒದಗಿಸಿದರು. ಕೈ ಸುತ್ತಿ ಮೂಗು ಹಿಡಿದ ಹಾಗೆ, ಗಡಿಯಾರ ತೋರಿಸುವ ಗಂಟೆ ಎರಡರಲ್ಲೂ ಒಂದೇ. 'ಒಂದು ಗಂಟೆ' ಎಂಬುದೂ ಖಾತ್ರಿಯಲ್ಲ ಬಿಡಿ. ಆಸ್ಟ್ರೇಲಿಯಾದ ಲಾರ್ಡ್ ಹೋವ್ ಎಂಬ ದ್ವೀಪದವರು ಬೇಸಿಗೆಗೆ ಅರ್ಧ ಗಂಟೆಯಷ್ಟೇ ಸರಿಸುತ್ತಾರೆ.

ಪಂಚಾಂಗದವರಿಗೂ ಬರೆಯಲಾಗದ ಒಂದು ವಾರ ಬಂದದ್ದು ಲೆಬನಾನಿನಿಂದ. 2023ರ ಮಾರ್ಚ್ 25ರ ನಡುರಾತ್ರಿ ಅಲ್ಲಿ ಗಡಿಯಾರ ಮುಂದೆ ಹೋಗಬೇಕಿತ್ತು. 23ರ ಗುರುವಾರ ಪ್ರಧಾನಿ ನಜೀಬ್ ಮಿಕಾತಿ ಅವರ ಸರ್ಕಾರ "ಈ ಸಲ ರಂಜಾನ್ ಮುಗಿಯುವವರೆಗೆ ಬೇಡ" ಎಂದಿತು. ಅಲ್ಲಿನ ಮ್ಯಾರೊನೈಟ್ ಚರ್ಚು, ಕೆಲವು ಟಿ.ವಿ. ಚಾನೆಲ್‌ಗಳು "ನಾವು ಒಪ್ಪುವುದಿಲ್ಲ" ಎಂದು ತಮ್ಮ ಗಡಿಯಾರ ಮುಂದೆ ಇಟ್ಟುಕೊಂಡವು. ಭಾನುವಾರ ಬೆಳಗಾದರೆ ಒಂದೇ ದೇಶದಲ್ಲಿ ಎರಡು ಗಂಟೆ! ದೇಶದ ವಿಮಾನ ಸಂಸ್ಥೆ ತನ್ನ ಗಡಿಯಾರ ಹಳೇ ಸಮಯದಲ್ಲೇ ಇಟ್ಟುಕೊಂಡು ವಿಮಾನ ಹೊರಡುವ ವೇಳೆಯನ್ನು ಬದಲಿಸಿತು. ಫೋನ್ ಇಟ್ಟುಕೊಂಡವರು ಕೈಯಿಂದಲೇ ಗಂಟೆ ತಿದ್ದಿಕೊಳ್ಳಬೇಕಾಯಿತು. "ಹತ್ತಕ್ಕೆ ಸಿಗೋಣ" ಎಂದರೆ "ಯಾವ ಹತ್ತು?" ಎಂದು ಕೇಳಲೇಬೇಕು. ಸೋಮವಾರ ಸರ್ಕಾರ ಆದೇಶ ವಾಪಸು ತೆಗೆದುಕೊಂಡು, ಬುಧವಾರ ರಾತ್ರಿ ಗಡಿಯಾರ ಮುಂದಿಡಲು ಹೇಳಿತು.

ಇತ್ತ ಪಂಚಾಂಗದವರು ಗುರುವಾರದ ಆದೇಶ ನಂಬಿ 2023ಬಿ ಪ್ರತಿ ಹೊರಡಿಸಿದ್ದರು. ಈಗ 2023ಸಿ ಬೇಕಾಯಿತು. ಅದರಲ್ಲಿ ಏನೆಂದು ಬರೆಯುವುದು? ಆ ನಾಲ್ಕು ದಿನ ಬೈರೂತಿನಲ್ಲಿ ಗಂಟೆ ಎಷ್ಟಾಗಿತ್ತು ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಅವರು 'ಬಿ'ಯನ್ನು ಬಿಟ್ಟು ಮೊದಲಿನ 'ಎ'ಯಲ್ಲಿದ್ದುದನ್ನೇ ಮತ್ತೆ ಕೊಟ್ಟರು. ಅಂದರೆ ಗಡಿಯಾರ ಭಾನುವಾರವೇ ಮುಂದೆ ಹೋಯಿತು ಎಂದು ಇವತ್ತಿಗೂ ಅದರಲ್ಲಿದೆ. ನನ್ನನ್ನು ಕೇಳಿದರೆ ಅವರು ಮಾಡಿದ್ದು ಸರಿ. ತೀರ್ಪು ಕೊಡುವುದು ಅವರ ಕೆಲಸವಲ್ಲ.

ಇದೆಲ್ಲ ಪರದೇಶದ ಪಾಡು, ನಮ್ಮಲ್ಲಿ ಇಲ್ಲ ಎಂದುಕೊಂಡಿರಾ? ತಾತಂದಿರೇ, ನಿಮಗೊಂದು ನೆನಪಿರಬಹುದು. ನನ್ನ ಅಕ್ಕ ಹುಟ್ಟಿದ್ದು 1943ರಲ್ಲಿ. ಅವಳ ಮದುವೆಗೆ ಜಾತಕ ತೋರಿಸಲು ಹೋದಾಗ ಜೋಯಿಸರು ಮೊದಲು ಕೇಳಿದ್ದು, "ಇದು ಗಡಿಯಾರ ನೋಡಿ ಬರೆದ ಹೊತ್ತೋ? ಯುದ್ಧದ ಗಂಟೆ ಕಳೆದಿದ್ದೀರೋ ಇಲ್ಲವೋ?" ಎರಡನೇ ಮಹಾಯುದ್ಧದ ಕಾಲಕ್ಕೆ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಭಾರತದ ಗಡಿಯಾರವೂ ಒಂದು ಗಂಟೆ ಮುಂದಿತ್ತು. ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಲಗ್ನವೇ ಬೇರೆಯಾಗುತ್ತದೆಂದು ನಮ್ಮಮ್ಮ ಗಾಬರಿಯಾಗಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಮೂರು ವರ್ಷದ ಸಾಲು ಗಡಿಯಾರಗಳ ಪಂಚಾಂಗದಲ್ಲಿ 'ಏಷ್ಯಾ/ಕೋಲ್ಕತಾ' ಹೆಸರಿನ ಕೆಳಗೆ ಇವತ್ತಿಗೂ ಇದೆ.

ಜಾತಕದ ಮಾತು ಬಂದದ್ದಕ್ಕೆ ಹೇಳುತ್ತೇನೆ. 2011ರಲ್ಲಿ ಈ ಪಂಚಾಂಗವೇ ನಿಂತುಹೋಗುವಂತಾಗಿತ್ತು. ಹಳೇ ಕಾಲದ ಗಂಟೆಗಳ ಮಾಹಿತಿ ನಮ್ಮ ಪುಸ್ತಕದ್ದು ಎಂದು ಓಲ್ಸನ್ ಮತ್ತು ಎಗರ್ಟ್ ಮೇಲೆ ಅಮೆರಿಕದ ಕಂಪನಿಯೊಂದು ಮೊಕದ್ದಮೆ ಹೂಡಿತು. ಯಾವ ಕಂಪನಿ ಗೊತ್ತೇ? ಜ್ಯೋತಿಷ್ಯದ ಸಾಫ್ಟ್‌ವೇರ್ ಮಾರುವವರು! ಹುಟ್ಟಿದ ಗಳಿಗೆಯ ಲೆಕ್ಕ ಅವರಿಗೂ ಬೇಕಲ್ಲ. ಮರುವರ್ಷ ಅವರೇ ಮೊಕದ್ದಮೆ ವಾಪಸು ತೆಗೆದುಕೊಂಡರು. ಅಷ್ಟರಲ್ಲಿ ಇಂಟರ್ನೆಟ್ಟಿನ ಹೆಸರು, ವಿಳಾಸಗಳನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆ ಪಂಚಾಂಗಕ್ಕೆ ತನ್ನಲ್ಲಿ ಜಾಗ ಕೊಟ್ಟಿತ್ತು.

ನಮ್ಮ ಮೊಳೆಯ ಚೀಟಿಗೆ ಈಗ ಇನ್ನೊಂದು ಸಾಲು ಸೇರಿದೆ. 'ಯಾವಾಗಲೂ' ಎಂಬುದಕ್ಕೆ ಅಜ್ಜಿ ಗೀಟು ಹಾಕಿದ್ದಾಳೆ. ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದಾಳೆ: "ರಂಜಾನ್ 9 ಗಂಟೆ. ಯಾವ ಭಾನುವಾರದಿಂದ ಅಂತ ಅವನನ್ನೇ ಕೇಳುವುದು." ಪೆನ್ಸಿಲ್ ಯಾಕೆ ಎಂದರೆ, "ಇನ್ನು ಅವನನ್ನ ಎಲ್ಲಿಗೆ ಕಳಿಸ್ತಾರೋ" ಎಂದಳು.

ಈ ವಾರದ ಲೆಕ್ಕ: ಮೊರಾಕ್ಕೊದಲ್ಲಿ ಗಡಿಯಾರ ಹಿಂದೆ ಸರಿಯುವ ಆ ಭಾನುವಾರದ ನಸುಕಿನಲ್ಲಿ, ಮೂರು ಗಂಟೆ ಆಗುತ್ತಿದ್ದಂತೆ ಮುಳ್ಳನ್ನು ಎರಡಕ್ಕೆ ತರುತ್ತಾರೆ. ಒಂದು ಆಸ್ಪತ್ರೆಯಲ್ಲಿ ಆ ರಾತ್ರಿ ಅವಳಿ ಮಕ್ಕಳು ಹುಟ್ಟಿದರು ಎಂದುಕೊಳ್ಳಿ. ಇಬ್ಬರ ನಡುವೆ ಇಪ್ಪತ್ತು ನಿಮಿಷ ಅಂತರ. ದಾಖಲೆಯಲ್ಲಿ ಒಂದು ಮಗು 2 ಗಂಟೆ 50 ನಿಮಿಷಕ್ಕೆ, ಇನ್ನೊಂದು 2 ಗಂಟೆ 10 ನಿಮಿಷಕ್ಕೆ ಎಂದಿದೆ. ಇಬ್ಬರಲ್ಲಿ ದೊಡ್ಡವರು ಯಾರು? ಮುಂದೆ ಜಗಳ ಬಾರದಂತೆ ನರ್ಸಮ್ಮ ಆ ದಾಖಲೆಯಲ್ಲಿ ಇನ್ನೇನು ಬರೆಯಬೇಕಿತ್ತು? ಉತ್ತರವನ್ನು ಕಾರ್ಡಿನಲ್ಲಿ ಬರೆದು ಕಳಿಸಿ. ತಾತನ ಸಹಾಯ ಪಡೆಯಬಹುದು, ಫೋನಿನದಲ್ಲ.